ಫಿಲ್ಮಿಗೆ ಬಣ್ಣ ಬಂತು, ಕೆಲಸ ಏಕೆ ಕುಂಟಿತು?

ಪ್ರಶ್ನೆ: ಎಂಎಸ್‌ಸಿ ಪ್ರಾಜೆಕ್ಟಿಗಾಗಿ ಟೈಟಾನಿಯಂ ಡೈಆಕ್ಸೈಡಿನ ಫೋಟೋಕೆಟಲಿಸ್ಟ್ ಫಿಲ್ಮ್, ಅಂದರೆ ಬೆಳಕು ಬಿದ್ದಾಗ ಕೊಳೆ ಒಡೆಯುವ ತೆಳು ಪದರ, ಮಾಡುತ್ತಿದ್ದೇನೆ. ಮಾಮೂಲಿ ಗಾಜಿನ ಸ್ಲೈಡನ್ನು ಸೋಲ್-ಜೆಲ್ ದ್ರಾವಣದಲ್ಲಿ ಅದ್ದಿ ತೆಗೆದು, 500 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸುತ್ತೇನೆ. ಕಣ್ಣಿಗೆ ಕಾಣುವ ಬೆಳಕಿನಲ್ಲೂ ಕೆಲಸ ಮಾಡಲಿ ಅಂತ 5% ಕಬ್ಬಿಣ ಸೇರಿಸಿದೆ. ಫಿಲ್ಮ್ ಹಳದಿ-ಕಂದು ಬಣ್ಣಕ್ಕೆ ತಿರುಗಿತು. ಟಾಕ್ ಪ್ಲಾಟ್ (ಬೆಳಕಿನ ಹೀರಿಕೆಯಿಂದ ಬ್ಯಾಂಡ್ ಗ್ಯಾಪ್ ಅಂದಾಜು ಮಾಡುವ ಗ್ರಾಫ್) ಪ್ರಕಾರ ಬ್ಯಾಂಡ್ ಗ್ಯಾಪ್, ಅಂದರೆ ಎಲೆಕ್ಟ್ರಾನನ್ನು ಮೇಲಕ್ಕೆ ಹಾರಿಸಲು ಬೇಕಾದ ಕನಿಷ್ಠ ಶಕ್ತಿ, 3.2ರಿಂದ 2.6 ಎಲೆಕ್ಟ್ರಾನ್ ವೋಲ್ಟ್‌ಗೆ ಇಳಿದಿದೆ. ಆದರೆ ಬಿಳಿ ಎಲ್‌ಇಡಿ ಕೆಳಗೆ ಮಿಥಿಲೀನ್ ಬ್ಲೂ ಬಣ್ಣವನ್ನು ಕಬ್ಬಿಣವಿಲ್ಲದ ಫಿಲ್ಮೇ ಬೇಗ ತೆಗೆಯುತ್ತಿದೆ. ಎಲ್ಲಿ ತಪ್ಪಿದೆ? ಕಬ್ಬಿಣ ಬಿಟ್ಟು ನೈಟ್ರೋಜನ್‌ಗೆ ಹೋಗಲೇ?

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಒಂದು ಒಳ್ಳೆಯ ಸುಳಿವಿದೆ. ಅಲ್ಲಿಂದಲೇ ಶುರು ಮಾಡೋಣ. ಕಬ್ಬಿಣವಿಲ್ಲದ ಫಿಲ್ಮ್ ಬಿಳಿ ಎಲ್‌ಇಡಿ ಕೆಳಗೆ ಚೆನ್ನಾಗಿ ಕೆಲಸ ಮಾಡಿತು ಅಂತ ಬರೆದಿದ್ದೀರಿ. ಅದು ಕೆಲಸ ಮಾಡಲೇಬಾರದಿತ್ತು, ಅಲ್ವಾ?

ಲೆಕ್ಕ ಸುಲಭ. 1240ನ್ನು ಬ್ಯಾಂಡ್ ಗ್ಯಾಪಿನಿಂದ ಭಾಗಿಸಿದರೆ, ಆ ವಸ್ತು ಹೀರಬಲ್ಲ ಅತಿ ಉದ್ದದ ತರಂಗ ಎಷ್ಟು ನ್ಯಾನೋಮೀಟರ್ ಅಂತ ಸಿಗುತ್ತದೆ. ಅನಟೇಸ್ ರೂಪದ ಟೈಟಾನಿಯಂ ಡೈಆಕ್ಸೈಡಿಗೆ 3.2 ಎಲೆಕ್ಟ್ರಾನ್ ವೋಲ್ಟ್, ಅಂದರೆ ಸುಮಾರು 387 ನ್ಯಾನೋಮೀಟರ್. ಅದಕ್ಕಿಂತ ಉದ್ದದ ತರಂಗ ಅದಕ್ಕೆ ಕಾಣುವುದೇ ಇಲ್ಲ. ಬಿಳಿ ಎಲ್‌ಇಡಿಯಲ್ಲಿ ಇರುವುದು 450 ನ್ಯಾನೋಮೀಟರ್ ಸುತ್ತಮುತ್ತ ಹೊಳೆಯುವ ನೀಲಿ ಚಿಪ್, ಅದರ ಮೇಲೆ ಹಳದಿ ಫಾಸ್ಫರ್. ಯುವಿ ಬೆಳಕು ಇಲ್ಲ ಅಂತಲೇ ಹೇಳಬಹುದು. ಹಾಗಾದರೆ ನಿಮ್ಮ ಶುದ್ಧ ಫಿಲ್ಮಿಗೆ ಬೆಳಕು ಹೀರಿಕೊಟ್ಟವರು ಯಾರು?

ಮಿಥಿಲೀನ್ ಬ್ಲೂ. ಅದು ಸ್ವತಃ ಬಣ್ಣದ ವಸ್ತು, 664 ನ್ಯಾನೋಮೀಟರ್ ಹತ್ತಿರ ಕೆಂಪು ಬೆಳಕನ್ನು ಗಟ್ಟಿಯಾಗಿ ಹೀರುತ್ತದೆ. ಫಿಲ್ಮಿನ ಮೇಲೆ ಅಂಟಿ ಕುಳಿತ ಬಣ್ಣದ ಅಣು ಬೆಳಕು ಹೀರಿ, ತನ್ನ ಎಲೆಕ್ಟ್ರಾನನ್ನು ಟೈಟಾನಿಯಂ ಡೈಆಕ್ಸೈಡಿನ ಕಂಡಕ್ಷನ್ ಬ್ಯಾಂಡಿಗೆ, ಅಂದರೆ ಎಲೆಕ್ಟ್ರಾನ್ ಓಡಾಡಬಲ್ಲ ಮೇಲಿನ ಶಕ್ತಿ ಮಟ್ಟಕ್ಕೆ, ದಾಟಿಸಬಲ್ಲದು. ಎಲೆಕ್ಟ್ರಾನ್ ಕಳೆದುಕೊಂಡ ಅಣು ಆಮೇಲೆ ತಾನೇ ಒಡೆಯುತ್ತದೆ. ಇದಕ್ಕೆ ಡೈ ಸೆನ್ಸಿಟೈಸೇಷನ್ ಅನ್ನುತ್ತಾರೆ. ಇಲ್ಲಿ ಫಿಲ್ಮ್ ಬರೀ ದಾರಿ, ಬೆಳಕು ಹಿಡಿದದ್ದು ಬಣ್ಣ. ನೀವು ಅಳೆದದ್ದರಲ್ಲಿ ದೊಡ್ಡ ಪಾಲು ಇದೇ ಇರಬೇಕು. ಕಬ್ಬಿಣ ಸೇರಿಸಿದಾಗ ಆ ದಾರಿಯಲ್ಲಿ ಬಲೆಗಳು ಬಂದವು. ಬಣ್ಣ ಕೊಟ್ಟ ಎಲೆಕ್ಟ್ರಾನ್ ಆಕ್ಸಿಜನ್ ತಲುಪುವ ಮೊದಲೇ ಸಿಕ್ಕಿಬಿದ್ದು, ಮತ್ತೆ ಬಣ್ಣಕ್ಕೇ ಮರಳುವ ಸಾಧ್ಯತೆ ಜಾಸ್ತಿಯಾಯಿತು. ವೇಗ ಇಳಿಯಿತು. ಹಾಗಾಗಿ ಈ ಪ್ರಯೋಗ ನಿಮ್ಮ ಡೋಪಿಂಗ್ (ಹರಳಿಗೆ ಬೇರೆ ಧಾತುವನ್ನು ಸ್ವಲ್ಪ ಬೆರೆಸುವುದು) ಗೆದ್ದಿತೋ ಸೋತಿತೋ ಅಂತ ಇನ್ನೂ ಹೇಳಿಲ್ಲ. ಬೇಜಾರಾಗಬೇಡಿ. ಪ್ರಕಟವಾದ ಎಷ್ಟೋ ಪ್ರಬಂಧಗಳೂ ಇದೇ ಜಾಗದಲ್ಲಿ ಎಡವಿವೆ.

ಮಿಥಿಲೀನ್ ಬ್ಲೂಗೆ ಇನ್ನೊಂದು ಗುಣವಿದೆ. ಅದಕ್ಕೆ ಎಲೆಕ್ಟ್ರಾನ್ ಸಿಕ್ಕರೆ ಒಡೆಯದೆಯೇ ಬಣ್ಣ ಕಳೆದುಕೊಳ್ಳುತ್ತದೆ. ಆ ಬಣ್ಣವಿಲ್ಲದ ರೂಪಕ್ಕೆ ಲ್ಯೂಕೋ ಅನ್ನುತ್ತಾರೆ. ಗಾಳಿ ತಾಗಿದರೆ ನೀಲಿ ಮತ್ತೆ ಮರಳುತ್ತದೆ. ಐಎಸ್‌ಒ 10678 ಅನ್ನುವ ಅಂತರರಾಷ್ಟ್ರೀಯ ಪರೀಕ್ಷಾ ವಿಧಾನ ಮಿಥಿಲೀನ್ ಬ್ಲೂವನ್ನೇ ಬಳಸುತ್ತದೆ, ನಿಜ. ಆದರೆ ಅದು ಯುವಿ ಬೆಳಕಿಗಾಗಿ ಬರೆದದ್ದು. ಬಿಳಿ ದೀಪದ ಕೆಳಗೆ ಅದೇ ಬಣ್ಣ ಬಳಸಿದರೆ ಅರ್ಥ ಬದಲಾಗುತ್ತದೆ.

ಈಗ ಮೂಲ ವಿಷಯಕ್ಕೆ ಬರೋಣ: ಡೋಪಿಂಗ್ ಯಾಕೆ ಬೇಕು, ಅದು ಎಲ್ಲಿ ಕೈಕೊಡುತ್ತದೆ?

1972ರಲ್ಲಿ ಫುಜಿಶಿಮಾ ಮತ್ತು ಹೊಂಡಾ ಅವರು ಟೈಟಾನಿಯಂ ಡೈಆಕ್ಸೈಡ್ ಎಲೆಕ್ಟ್ರೋಡಿನ ಮೇಲೆ ಬೆಳಕು ಬಿಟ್ಟು ನೀರನ್ನು ಒಡೆದು ತೋರಿಸಿದರು. ಅಲ್ಲಿಂದ ಈ ವಸ್ತುವಿನ ಮೇಲೆ ಎಲ್ಲರ ಕಣ್ಣು ಬಿತ್ತು. ಅದು ವಿಷವಲ್ಲ, ನೀರಲ್ಲಿ ಕರಗುವುದಿಲ್ಲ, ಬೆಳಕಿಗೆ ಸವೆಯುವುದಿಲ್ಲ. ಒಂದೇ ಕೊರತೆ ಅಂದರೆ ಅದಕ್ಕೆ ಯುವಿ ಬೇಕು, ಮತ್ತು ಭೂಮಿಗೆ ಬೀಳುವ ಬಿಸಿಲಿನ ಶಕ್ತಿಯಲ್ಲಿ ಯುವಿ ಪಾಲು ಸುಮಾರು 5% ಮಾತ್ರ. ಕಾಣುವ ಬೆಳಕಿನದು ಅದರ ಎಂಟೊಂಬತ್ತು ಪಟ್ಟು. ಆ ಪಾಲನ್ನು ಹಿಡಿಯಬೇಕು ಅನ್ನುವುದೇ ಡೋಪಿಂಗ್‌ನ ಆಸೆ.

ಆದರೆ ಫೋಟೋಕೆಟಲಿಸ್ಟ್ ಮಾಡಬೇಕಾದ ಕೆಲಸ ಬರೀ ಬೆಳಕು ಹೀರುವುದಲ್ಲ. ಬೆಳಕು ಬಿದ್ದಾಗ ಒಳಗೆ ಒಂದು ಎಲೆಕ್ಟ್ರಾನ್ ಮೇಲಕ್ಕೆ ಹಾರುತ್ತದೆ, ಅದರ ಜಾಗದಲ್ಲಿ ಒಂದು ಹೋಲ್, ಅಂದರೆ ಧನ ಆವೇಶದ ಖಾಲಿ ಜಾಗ, ಉಳಿಯುತ್ತದೆ. ಎರಡೂ ಬೇರೆ ಬೇರೆಯಾಗಿ ಮೇಲ್ಮೈ ತಲುಪಬೇಕು. ಅಲ್ಲಿ ಎಲೆಕ್ಟ್ರಾನನ್ನು ಆಕ್ಸಿಜನ್ ತೆಗೆದುಕೊಳ್ಳಬೇಕು, ಹೋಲ್ ಕೊಳೆಯ ಮೇಲೆ ಅಥವಾ ನೀರಿನ ಮೇಲೆ ದಾಳಿ ಮಾಡಬೇಕು. ದಾರಿಯಲ್ಲಿ ಎರಡೂ ಮತ್ತೆ ಕೂಡಿಕೊಂಡರೆ ಹೀರಿದ ಬೆಳಕೆಲ್ಲ ಬಿಸಿಯಾಗಿ ಹೋಗುತ್ತದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತೇವಲ್ಲ, ಡೋಪ್ ಮಾಡಿದ ಬಹಳಷ್ಟು ಫಿಲ್ಮ್‌ಗಳ ಕಥೆ ಅಷ್ಟೇ. ಬಣ್ಣ ಹೇಳುವುದು ಮೊದಲ ಹೆಜ್ಜೆಯನ್ನು ಮಾತ್ರ. ಉಳಿದ ಹೆಜ್ಜೆಗಳನ್ನು ಬಣ್ಣ ನೋಡಿ ಊಹಿಸಲು ಆಗುವುದಿಲ್ಲ.

ಕಬ್ಬಿಣದ ಅಯಾನು ಟೈಟಾನಿಯಂ ಜಾಗದಲ್ಲಿ ಸುಲಭವಾಗಿ ಕೂರುತ್ತದೆ, ಏಕೆಂದರೆ ಎರಡರ ಗಾತ್ರ ಹತ್ತಿರ ಹತ್ತಿರ ಒಂದೇ. ಟೈಟಾನಿಯಂ ಅಯಾನಿನ ತ್ರಿಜ್ಯ 0.605 ಆಂಗ್‌ಸ್ಟ್ರಾಂ, ಮೂರು ಧನ ಆವೇಶದ ಕಬ್ಬಿಣದ್ದು 0.645. ಕೂತ ಮೇಲೆ ಅದು ಬ್ಯಾಂಡ್ ಗ್ಯಾಪಿನ ನಡುವೆ ಹೊಸ ಮೆಟ್ಟಿಲು ಹಾಕುತ್ತದೆ. ಆ ಮೆಟ್ಟಿಲಿನಿಂದ ಎಲೆಕ್ಟ್ರಾನ್ ಹಾರಲು ಕಡಿಮೆ ಶಕ್ತಿ ಸಾಕು, ಹಾಗಾಗಿ ಹಳದಿ ಬಣ್ಣ. ಕಷ್ಟ ಏನೆಂದರೆ ಅದೇ ಮೆಟ್ಟಿಲು ಎಲೆಕ್ಟ್ರಾನನ್ನೂ ಹಿಡಿಯುತ್ತದೆ, ಹೋಲನ್ನೂ ಹಿಡಿಯುತ್ತದೆ. ತುಂಬಾ ಕಡಿಮೆ ಇದ್ದಾಗ ಈ ಹಿಡಿತ ಒಳ್ಳೆಯದೇ. ಒಂದನ್ನು ಸ್ವಲ್ಪ ಹೊತ್ತು ಹಿಡಿದಿಟ್ಟರೆ ಇನ್ನೊಂದಕ್ಕೆ ಮೇಲ್ಮೈ ತಲುಪಲು ಸಮಯ ಸಿಗುತ್ತದೆ. ಜಾಸ್ತಿಯಾದರೆ ಅದೇ ಮೆಟ್ಟಿಲು ಇಬ್ಬರೂ ಕೂಡಿಕೊಳ್ಳುವ ಜಾಗವಾಗುತ್ತದೆ.

5% ಎಷ್ಟು ಜಾಸ್ತಿ ಅಂತ ಒಂದು ಲೆಕ್ಕ ಹಾಕಿ ನೋಡಿ. 10 ನ್ಯಾನೋಮೀಟರ್ ಅಗಲದ ಒಂದು ಅನಟೇಸ್ ಹರಳಿನಲ್ಲಿ ಸುಮಾರು 15,000 ಟೈಟಾನಿಯಂ ಅಯಾನುಗಳಿರುತ್ತವೆ. 5% ಅಂದರೆ ಅದರಲ್ಲಿ 750 ಕಬ್ಬಿಣ. ಒಂದರಿಂದ ಇನ್ನೊಂದಕ್ಕೆ ಸರಾಸರಿ ದೂರ ಒಂದು ನ್ಯಾನೋಮೀಟರಿಗಿಂತ ಕಡಿಮೆ. ಒಳಗೆ ಹುಟ್ಟಿದ ಎಲೆಕ್ಟ್ರಾನ್ ಒಂದು ಬಲೆ ತಪ್ಪಿಸಿಕೊಂಡರೆ ಇನ್ನೊಂದು ಕಾದು ಕೂತಿರುತ್ತದೆ. ಅದೇ 0.1% ಹಾಕಿದರೆ ಇಡೀ ಹರಳಿಗೆ 15 ಕಬ್ಬಿಣ, ನಡುವಿನ ದೂರ ಮೂರು ನ್ಯಾನೋಮೀಟರಿಗಿಂತ ಸ್ವಲ್ಪ ಜಾಸ್ತಿ.

1994ರಲ್ಲಿ ಚಾಯ್, ಟರ್ಮಿನ್ ಮತ್ತು ಹಾಫ್‌ಮನ್ ಅವರು 21 ಬೇರೆ ಬೇರೆ ಲೋಹದ ಅಯಾನುಗಳನ್ನು ಅತಿ ಚಿಕ್ಕ ಟೈಟಾನಿಯಂ ಡೈಆಕ್ಸೈಡ್ ಕಣಗಳಿಗೆ ಸೇರಿಸಿ ಹೋಲಿಸಿದರು. ಕಬ್ಬಿಣ, ಮಾಲಿಬ್ಡಿನಂ, ರುಥೇನಿಯಂ, ವನೇಡಿಯಂ, ರೋಡಿಯಂ ಮುಂತಾದವು ಲಾಭ ಕೊಟ್ಟವು, ಕೋಬಾಲ್ಟ್ ಮತ್ತು ಅಲ್ಯುಮಿನಿಯಂ ಕೆಲಸವನ್ನು ಇಳಿಸಿದವು. ಲಾಭ ಸಿಕ್ಕ ಪ್ರಮಾಣ 0.1ರಿಂದ 0.5%. ಅವರು ಅಳೆದದ್ದು ಕಣಗಳಲ್ಲಿ, ಫಿಲ್ಮಿನಲ್ಲಲ್ಲ. ಹಾಗಾಗಿ ಆ ಅಂಕಿಯನ್ನೇ ಕಣ್ಣುಮುಚ್ಚಿ ತರಬೇಡಿ. ಆದರೆ ಹುಡುಕಾಟ ಎಲ್ಲಿಂದ ಶುರುವಾಗಬೇಕು ಅಂತ ಅದು ಹೇಳುತ್ತದೆ: 0, 0.05, 0.1, 0.2, 0.5. ಐದು ಫಿಲ್ಮ್ ಸಾಕು.

ಇನ್ನು ನಿಮ್ಮ 2.6. ಆ ಅಂಕಿಯನ್ನು ನಾನು ನಂಬುವುದಿಲ್ಲ, ಕ್ಷಮಿಸಿ. ಟಾಕ್ ಪ್ಲಾಟ್‌ನಲ್ಲಿ ಏರುವ ಗೆರೆಗೆ ಸ್ಕೇಲ್ ಇಟ್ಟು ಕೆಳಗಿನ ಅಕ್ಷಕ್ಕೆ ಎಳೆಯುತ್ತೇವೆ. ಆ ವಿಧಾನ ಒಂದೇ ಒಂದು ಏರು ಇರುವ ಶುದ್ಧ ವಸ್ತುವಿಗೆ. ಕಬ್ಬಿಣ ಹಾಕಿದಾಗ ಮುಖ್ಯ ಏರು ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ, ಅದರ ಪಕ್ಕದಲ್ಲಿ 400–500 ನ್ಯಾನೋಮೀಟರ್ ಕಡೆಗೆ ಒಂದು ಭುಜ ಮೂಡುತ್ತದೆ. ಭುಜದ ಮೇಲೆ ಗೆರೆ ಎಳೆದರೆ ಬ್ಯಾಂಡ್ ಗ್ಯಾಪ್ ಕುಗ್ಗಿದ ಹಾಗೆ ಕಾಣುತ್ತದೆ. ಕುಗ್ಗಿಲ್ಲ, ನಡುವೆ ಮೆಟ್ಟಿಲು ಬಂದಿದೆ ಅಷ್ಟೇ. ತೆಳು ಫಿಲ್ಮಿನಲ್ಲಿ ಬೆಳಕಿನ ಅಲೆಗಳು ಒಂದರ ಮೇಲೊಂದು ಬಿದ್ದು ಸ್ಪೆಕ್ಟ್ರಮ್‌ನಲ್ಲಿ ಏರಿಳಿತ ಮೂಡಿಸುತ್ತವೆ, ಅದೂ ಈ ಗೆರೆಯನ್ನು ಕೆಡಿಸುತ್ತದೆ. ಪ್ರಬಂಧದಲ್ಲಿ ಹೀರಿಕೆಯ ಪೂರ್ತಿ ಗ್ರಾಫನ್ನೇ ಹಾಕಿ, ಭುಜ ಎಲ್ಲಿಂದ ಎಲ್ಲಿಯವರೆಗೆ ಇದೆ ಅಂತ ಬರೆಯಿರಿ. ಅದು ಹೆಚ್ಚು ಪ್ರಾಮಾಣಿಕ.

ಕಂದು ಛಾಯೆ ಬಂದಿದೆ ಅಂದಿರಿ. ಅದು ನನ್ನನ್ನು ಸ್ವಲ್ಪ ಯೋಚನೆಗೆ ಹಚ್ಚಿತು. 5% ಹಾಕಿ 500 ಡಿಗ್ರಿಗೆ ಕಾಯಿಸಿದರೆ ಎಲ್ಲ ಕಬ್ಬಿಣವೂ ಹರಳಿನೊಳಗೆ ಕೂರುತ್ತದೆ ಅನ್ನುವ ಭರವಸೆ ಇಲ್ಲ. ಒಂದಷ್ಟು ಹೊರಬಂದು ಸಣ್ಣ ಸಣ್ಣ ಐರನ್ ಆಕ್ಸೈಡ್ ಕಣಗಳಾಗಿರಬಹುದು. ಹೆಮಟೈಟ್ ಅನ್ನುವ ಐರನ್ ಆಕ್ಸೈಡ್‌ನ ಬ್ಯಾಂಡ್ ಗ್ಯಾಪ್ ಸುಮಾರು 2.1, ಬೆಳಕನ್ನು ಚೆನ್ನಾಗಿ ಹೀರುತ್ತದೆ. ಆದರೆ ಅದರೊಳಗೆ ಹೋಲ್ ಬರೀ 2–4 ನ್ಯಾನೋಮೀಟರ್ ದೂರ ನಡೆಯುವಷ್ಟರಲ್ಲಿ ಮುಗಿದುಹೋಗುತ್ತದೆ. ಈ ಕಣಗಳು ಎಕ್ಸ್‌ಆರ್‌ಡಿಯಲ್ಲಿ (ಎಕ್ಸ್-ಕಿರಣದಿಂದ ಹರಳಿನ ರೂಪ ತಿಳಿಯುವ ಪರೀಕ್ಷೆ) ಕಾಣದಷ್ಟು ಚಿಕ್ಕದಿರಬಹುದು, ಹಾಗಾಗಿ ಎಕ್ಸ್‌ಆರ್‌ಡಿಯಲ್ಲಿ ಬರೀ ಅನಟೇಸ್ ಕಂಡಿತು ಅನ್ನುವುದು ಸಾಕ್ಷಿಯಲ್ಲ. ಚದುರಿದ ಬೆಳಕಿನಿಂದ ವಸ್ತು ಗುರುತಿಸುವ ರಾಮನ್ ಪರೀಕ್ಷೆ ಕೂಡ ಮಾಡಿಸಿ. ಪ್ರಮಾಣ ಇಳಿಸಿದಾಗ ಕಂದು ಹೋಗಿ ತಿಳಿ ಹಳದಿ ಉಳಿದರೆ ಅದೂ ಒಂದು ಸೂಚನೆ.

ಈಗ ಯಾರೂ ಜಾಸ್ತಿ ಮಾತಾಡದ ಒಂದು ವಿಷಯ: ನಿಮ್ಮ ಗಾಜು. ಮಾಮೂಲಿ ಸ್ಲೈಡ್ ಸೋಡಾ-ಲೈಮ್ ಗಾಜಿನದು. 500 ಡಿಗ್ರಿಯಲ್ಲಿ ಅದರೊಳಗಿನ ಸೋಡಿಯಂ ಮೇಲಕ್ಕೆ ಹತ್ತಿ ಫಿಲ್ಮಿನೊಳಗೆ ಸೇರುತ್ತದೆ. ಅನಟೇಸ್ ಹರಳು ಚೆನ್ನಾಗಿ ಕೂಡಲು ಬಿಡುವುದಿಲ್ಲ, ಎಲೆಕ್ಟ್ರಾನ್-ಹೋಲ್ ಕೂಡಿಕೊಳ್ಳುವುದನ್ನು ಹೆಚ್ಚಿಸುತ್ತದೆ. ಅಂದರೆ ನೀವು ಕೇಳದೆಯೇ ಗಾಜು ನಿಮ್ಮ ಫಿಲ್ಮನ್ನು ಡೋಪ್ ಮಾಡುತ್ತಿದೆ. ನನ್ನ ಸಂಶೋಧನೆಯ ಮೊದಲ ವರ್ಷದಲ್ಲಿ ಹಲವು ತಿಂಗಳು ಇದರಿಂದಲೇ ಹಾಳಾದವು. ಒಂದೇ ದ್ರಾವಣ, ಒಂದೇ ಒಲೆ, ಆದರೂ ಒಂದು ವಾರದ ಫಿಲ್ಮಿಗೂ ಇನ್ನೊಂದು ವಾರದ ಫಿಲ್ಮಿಗೂ ಹೊಂದಾಣಿಕೆಯೇ ಇರಲಿಲ್ಲ. ಕೊನೆಗೆ ಕ್ವಾರ್ಟ್ಜ್ ತುಂಡುಗಳ ಮೇಲೆ ಅದ್ದಿ ನೋಡಿದಾಗ ಎಲ್ಲ ಸರಿಹೋಯಿತು. ಕ್ವಾರ್ಟ್ಜ್ ಸಿಗದಿದ್ದರೆ ಮೊದಲು ಗಾಜಿನ ಮೇಲೆ ಸಿಲಿಕಾದ ಒಂದು ತೆಳು ಪದರ ಹಾಕಿ ಕಾಯಿಸಿ, ಅದರ ಮೇಲೆ ಟೈಟಾನಿಯಂ ಡೈಆಕ್ಸೈಡ್ ಹಾಕಿ. ಆ ಪದರ ಸೋಡಿಯಂಗೆ ತಡೆಗೋಡೆ.

ದಪ್ಪವನ್ನೂ ಗಮನಿಸಿ. ಡೋಪಿಂಗ್‌ನಿಂದ ಬರುವ ಹೀರಿಕೆ ದುರ್ಬಲ. ಆ ಭುಜದಲ್ಲಿ ಹೀರಿಕೆಯ ಗುಣಾಂಕ ಸೆಂಟಿಮೀಟರಿಗೆ 1000 ಅಂದುಕೊಳ್ಳಿ, ಫಿಲ್ಮ್ 300 ನ್ಯಾನೋಮೀಟರ್ ದಪ್ಪ ಅಂದುಕೊಳ್ಳಿ. ಬಿದ್ದ ಬೆಳಕಿನಲ್ಲಿ ಹೀರಲ್ಪಡುವುದು ಸುಮಾರು 3%. ಉಳಿದದ್ದು ಸುಮ್ನೆ ಆಚೆ ಹೋಗುತ್ತದೆ. ದಪ್ಪ ಮಾಡಿದರೆ ಹೀರಿಕೆ ಹೆಚ್ಚುತ್ತದೆ, ಆದರೆ ಆಳದಲ್ಲಿ ಹುಟ್ಟಿದ ಎಲೆಕ್ಟ್ರಾನ್ ಮೇಲ್ಮೈಗೆ ಬರುವುದು ಕಷ್ಟವಾಗುತ್ತದೆ. ಒಂದೇ ಸಲ ದಪ್ಪ ಪದರ ಹಾಕಿದರೆ ಬಿರುಕೂ ಬಿಡುತ್ತದೆ. ತೆಳುವಾಗಿ ಅದ್ದಿ, ಕಾಯಿಸಿ, ಮತ್ತೆ ಅದ್ದಿ. ದ್ರಾವಣಕ್ಕೆ ಪ್ಲೂರಾನಿಕ್‌ನಂಥ ಪಾಲಿಮರ್ ಸೇರಿಸಿ ಸುಟ್ಟರೆ ಫಿಲ್ಮ್‌ನಲ್ಲಿ ಸಣ್ಣ ರಂಧ್ರಗಳು ಉಳಿಯುತ್ತವೆ, ಆಗ ಆಳದಲ್ಲೂ ಮೇಲ್ಮೈ ಸಿಗುತ್ತದೆ. ನನಗೆ ಈ ದಾರಿ ಇಷ್ಟ.

ನೈಟ್ರೋಜನ್ ವಿಷಯ. 1986ರಲ್ಲೇ ಸಾಟೊ ಅವರು ನೈಟ್ರೋಜನ್ ಸೇರಿದ ಟೈಟಾನಿಯಂ ಡೈಆಕ್ಸೈಡ್ ಕಾಣುವ ಬೆಳಕಿನಲ್ಲಿ ಕೆಲಸ ಮಾಡುತ್ತದೆ ಅಂತ ಬರೆದಿದ್ದರು. ಆಗ ಅದು ಹೆಚ್ಚು ಸುದ್ದಿಯಾಗಲಿಲ್ಲ. 2001ರಲ್ಲಿ ಆಸಾಹಿ ಮತ್ತು ಸಂಗಡಿಗರು ನೈಟ್ರೋಜನ್-ಆರ್ಗಾನ್ ಮಿಶ್ರಣದಲ್ಲಿ ಸ್ಪಟರ್ ಮಾಡಿ (ಅಯಾನುಗಳಿಂದ ಹೊಡೆದು ಹಾರಿಸಿದ ಅಣುಗಳನ್ನು ಪದರವಾಗಿ ಕೂರಿಸಿ), ನೈಟ್ರೋಜನ್‌ನಲ್ಲೇ ಕಾಯಿಸಿ ಹಳದಿ ಫಿಲ್ಮ್ ಮಾಡಿದರು. ಅದು 500 ನ್ಯಾನೋಮೀಟರಿಗಿಂತ ಕೆಳಗಿನ ಬೆಳಕನ್ನು ಹೀರಿ ಮಿಥಿಲೀನ್ ಬ್ಲೂ ಜೊತೆಗೆ ಬಣ್ಣವಿಲ್ಲದ ಅಸಿಟಾಲ್ಡಿಹೈಡ್ ಅನಿಲವನ್ನೂ ಒಡೆಯಿತು. ಬಣ್ಣವಿಲ್ಲದ ಆ ಎರಡನೇ ಪರೀಕ್ಷೆಯೇ ನನಗೆ ಮುಖ್ಯ.

ನೈಟ್ರೋಜನ್ ಕೂರುವುದು ಆಕ್ಸಿಜನ್ ಜಾಗದಲ್ಲಿ. ಅದರ ಮೆಟ್ಟಿಲು ವೇಲೆನ್ಸ್ ಬ್ಯಾಂಡಿಗೆ (ಎಲೆಕ್ಟ್ರಾನ್‌ಗಳು ತುಂಬಿರುವ ಕೆಳಗಿನ ಶಕ್ತಿ ಮಟ್ಟ) ಸ್ವಲ್ಪ ಮೇಲೆ ಬರುತ್ತದೆ, ಕಬ್ಬಿಣದ ಹಾಗೆ ನಟ್ಟನಡುವೆ ಅಲ್ಲ. ಹಾಗಾಗಿ ಎಲೆಕ್ಟ್ರಾನಿಗೆ ಅಷ್ಟು ತೊಂದರೆ ಇಲ್ಲ. ಆದರೆ ಆ ಮೆಟ್ಟಿಲಲ್ಲಿ ಹುಟ್ಟುವ ಹೋಲ್‌ಗೆ ಬಲ ಕಡಿಮೆ, ಓಡಾಟವೂ ಕಡಿಮೆ. ಅದಕ್ಕೇ ಇಂಥ ಫಿಲ್ಮ್ ಕಾಣುವ ಬೆಳಕಿನಲ್ಲಿ ಮಾಡುವ ಕೆಲಸ, ಯುವಿಯಲ್ಲಿ ಮಾಡುವುದಕ್ಕಿಂತ ಕಡಿಮೆಯೇ ಇರುತ್ತದೆ. ಇನ್ನೊಂದು ಲೆಕ್ಕವೂ ಇದೆ. ಆಕ್ಸಿಜನ್‌ಗೆ ಎರಡು ಋಣ ಆವೇಶ, ನೈಟ್ರೋಜನ್‌ಗೆ ಮೂರು. ಎರಡು ನೈಟ್ರೋಜನ್ ಕೂತರೆ ಲೆಕ್ಕ ಸರಿಮಾಡಲು ಒಂದು ಆಕ್ಸಿಜನ್ ಜಾಗ ಖಾಲಿಯಾಗುತ್ತದೆ. ಆ ಖಾಲಿ ಜಾಗವೂ ಬಲೆಯೇ. ಇದನ್ನು ತಪ್ಪಿಸಲೆಂದೇ ನೈಟ್ರೋಜನ್ ಜೊತೆ ನಿಯೋಬಿಯಂ ಅಥವಾ ಫ್ಲೋರಿನ್ ಸೇರಿಸುವವರಿದ್ದಾರೆ. ಒಂದು ಕಳೆದ ಆವೇಶವನ್ನು ಇನ್ನೊಂದು ತುಂಬುತ್ತದೆ.

ಸೋಲ್-ಜೆಲ್‌ನಲ್ಲಿ ನೈಟ್ರೋಜನ್‌ಗಾಗಿ ಯೂರಿಯಾ ಹಾಕುವುದು ವಾಡಿಕೆ. ಅಲ್ಲಿ ಎಚ್ಚರ ಬೇಕು. ಯೂರಿಯಾ ಬಿಸಿಯಾದಾಗ ಕಾರ್ಬನ್ ಮತ್ತು ನೈಟ್ರೋಜನ್ ಸೇರಿದ ಹಳದಿ ವಸ್ತುಗಳಾಗಿ ಫಿಲ್ಮಿನ ಮೇಲೆ ಉಳಿಯಬಹುದು. ಅವೂ ಕಾಣುವ ಬೆಳಕು ಹೀರುತ್ತವೆ. ಹಳದಿ ಬಂತು, ಡೋಪಿಂಗ್ ಆಯಿತು ಅಂತ ಅಂದುಕೊಳ್ಳಬೇಡಿ. ಎಕ್ಸ್‌ಪಿಎಸ್‌ನಲ್ಲಿ (ಎಕ್ಸ್-ಕಿರಣ ಬಿಟ್ಟು ಮೇಲ್ಮೈಯ ಧಾತುಗಳ ಸ್ಥಿತಿ ತಿಳಿಯುವ ಪರೀಕ್ಷೆ) ನೈಟ್ರೋಜನ್ ಶಿಖರ 396–397 ಎಲೆಕ್ಟ್ರಾನ್ ವೋಲ್ಟ್ ಹತ್ತಿರ ಇದ್ದರೆ ಅದು ಆಕ್ಸಿಜನ್ ಜಾಗದಲ್ಲಿ ಕೂತಿದೆ ಅನ್ನಬಹುದು. 400ರ ಹತ್ತಿರ ಇದ್ದರೆ ಹರಳಿನ ಸಂದಿಯಲ್ಲಿರಬಹುದು, ಬರೀ ಮೇಲ್ಮೈಗೆ ಅಂಟಿರಲೂಬಹುದು. ಅಮೋನಿಯಾದಲ್ಲಿ ಜಾಸ್ತಿ ಕಾಯಿಸಿದರೆ ಟೈಟಾನಿಯಂ ಆಕ್ಸಿಜನ್ ಕಳೆದುಕೊಂಡು ನೀಲಿ ಛಾಯೆಗೆ ತಿರುಗುತ್ತದೆ. ಗಾಳಿಯಲ್ಲಿ ಜಾಸ್ತಿ ಕಾಯಿಸಿದರೆ ನೈಟ್ರೋಜನ್ನೇ ಹೊರಟುಹೋಗುತ್ತದೆ.

ಡೋಪಿಂಗ್ ಅಂದರೆ ಬಣ್ಣ ತರಿಸುವುದು ಅನ್ನುವ ಯೋಚನೆಯಿಂದ ಸ್ವಲ್ಪ ಹೊರಬರಲಿ ಅಂತ ಒಂದು ಉದಾಹರಣೆ ಕೊಡುತ್ತೇನೆ. 2020ರಲ್ಲಿ ಟಕಾಟಾ, ಡೊಮೆನ್ ಮತ್ತು ಸಂಗಡಿಗರು ಸ್ಟ್ರಾನ್ಷಿಯಂ ಟೈಟನೇಟ್‌ಗೆ ಅಲ್ಯುಮಿನಿಯಂ ಸೇರಿಸಿ ನೀರು ಒಡೆದರು. 350–360 ನ್ಯಾನೋಮೀಟರ್ ಬೆಳಕಿನಲ್ಲಿ ಬಿದ್ದ ಫೋಟಾನ್‌ಗಳಲ್ಲಿ 96% ವರೆಗೆ ಕೆಲಸಕ್ಕೆ ಬಂದವು. ಅಲ್ಯುಮಿನಿಯಂ ಅಲ್ಲಿ ಬಣ್ಣ ತರಲಿಲ್ಲ. ಎಲೆಕ್ಟ್ರಾನ್ ಹಿಡಿಯುವ ದೋಷಗಳನ್ನು ಕಡಿಮೆ ಮಾಡಿತು. ಎಲೆಕ್ಟ್ರಾನ್ ಒಂದು ಮುಖಕ್ಕೆ, ಹೋಲ್ ಇನ್ನೊಂದು ಮುಖಕ್ಕೆ ಹೋಗುವ ಹಾಗೆ ಹರಳಿನ ಬೇರೆ ಬೇರೆ ಮುಖಗಳಲ್ಲಿ ಸಹ-ಕೆಟಲಿಸ್ಟ್‌ಗಳನ್ನು ಕೂರಿಸಿದ್ದರು. ಬೆಳಕು ಯುವಿಯದ್ದೇ, ನಿಜ. ಆದರೆ ದಾರಿ ಸರಿ ಇದ್ದರೆ ಎಷ್ಟು ದೂರ ಹೋಗಬಹುದು ಅಂತ ನೋಡಿ! ನನಗೆ ಈ ಕೆಲಸ ಓದಿದಾಗ ಆದ ಖುಷಿ ಇನ್ನೂ ಇಳಿದಿಲ್ಲ. ಬಿಸ್ಮತ್ ವನಡೇಟ್ ಕೂಡ ಹಾಗೇ. ಅದರ ಬ್ಯಾಂಡ್ ಗ್ಯಾಪ್ 2.4, ಮೊದಲೇ ಹಳದಿ. ಅದಕ್ಕೆ ಮಾಲಿಬ್ಡಿನಂ ಅಥವಾ ಟಂಗ್‌ಸ್ಟನ್ ಹಾಕುವುದು ಎಲೆಕ್ಟ್ರಾನ್ ಚೆನ್ನಾಗಿ ಹರಿಯಲಿ ಅಂತ.

ಕಬ್ಬಿಣಕ್ಕೂ ಇನ್ನೊಂದು ಜಾಗವಿದೆ: ಮೇಲ್ಮೈ. 2008ರಲ್ಲಿ ಇರಿಯೆ, ಹಶಿಮೊಟೊ ಮತ್ತು ಸಂಗಡಿಗರು ತಾಮ್ರದ ಅಯಾನನ್ನು ಹರಳಿನೊಳಗೆ ಹಾಕದೆ ಟೈಟಾನಿಯಂ ಡೈಆಕ್ಸೈಡ್ ಮತ್ತು ಟಂಗ್‌ಸ್ಟನ್ ಆಕ್ಸೈಡಿನ ಮೇಲೆ ಅಂಟಿಸಿದರು. ಮುಂದೆ ಕಬ್ಬಿಣದಲ್ಲೂ ಇದೇ ನಡೆಯಿತು. ಕಾಣುವ ಬೆಳಕು ಬಿದ್ದಾಗ ವೇಲೆನ್ಸ್ ಬ್ಯಾಂಡಿನ ಎಲೆಕ್ಟ್ರಾನ್ ನೇರವಾಗಿ ಮೇಲ್ಮೈಯ ಅಯಾನಿಗೆ ಹಾರುತ್ತದೆ. ಹೋಲ್ ವೇಲೆನ್ಸ್ ಬ್ಯಾಂಡಿನಲ್ಲೇ, ಪೂರ್ತಿ ಬಲದೊಂದಿಗೆ ಉಳಿಯುತ್ತದೆ. ಎಲೆಕ್ಟ್ರಾನ್ ಆಗಲೇ ಆಕ್ಸಿಜನ್ ಪಕ್ಕದಲ್ಲಿದೆ. ದೂರ ನಡೆಯುವ ಕಷ್ಟವೇ ಇಲ್ಲ.

ಹಾಗಾಗಿ ಕಬ್ಬಿಣವನ್ನು ಈಗಲೇ ಬಿಡಬೇಡಿ. ಕ್ವಾರ್ಟ್ಜ್ ಮೇಲೆ ಮಾಡಿದ ನಿಮ್ಮ ಶುದ್ಧ ಫಿಲ್ಮನ್ನು ತೀರಾ ತೆಳುವಾದ ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ 90 ಡಿಗ್ರಿಯಲ್ಲಿ ಒಂದು ಗಂಟೆ ಇಡಿ. ಚೆನ್ನಾಗಿ ತೊಳೆದು 110 ಡಿಗ್ರಿಯಲ್ಲಿ ಒಣಗಿಸಿ. ಇದನ್ನು 0.1% ಕಬ್ಬಿಣ ಒಳಗಿರುವ ಫಿಲ್ಮಿನ ಜೊತೆ, ಶುದ್ಧ ಫಿಲ್ಮಿನ ಜೊತೆ ಹೋಲಿಸಿ. ದಪ್ಪ ಮೂರಕ್ಕೂ ಒಂದೇ ಇರಲಿ.

ಪರೀಕ್ಷೆಗೆ ಬಣ್ಣ ಬೇಡ. ಫಿಲ್ಮ್‌ಗಳಿಗೆ ಸ್ಟಿಯರಿಕ್ ಆಸಿಡ್ ತುಂಬಾ ಅನುಕೂಲ. ಅದನ್ನು ದ್ರಾವಕದಲ್ಲಿ ಕರಗಿಸಿ ಮೇಲೆ ತೆಳುವಾಗಿ ಹರಡಿ, ಎಫ್‌ಟಿಐಆರ್‌ನಲ್ಲಿ (ಇನ್‌ಫ್ರಾರೆಡ್ ಹೀರಿಕೆ ಅಳೆಯುವ ಪರೀಕ್ಷೆ) ಸೆಂಟಿಮೀಟರಿಗೆ 2800–3000 ಅಲೆಗಳ ನಡುವಿನ ಶಿಖರಗಳು ಎಷ್ಟು ಇಳಿಯುತ್ತವೆ ನೋಡಿ. ಆ ಶಿಖರಗಳಿಗೆ ಕ್ವಾರ್ಟ್ಜ್ ಅಡ್ಡಬರುವುದಿಲ್ಲ. ಫೀನಾಲ್ ಬಣ್ಣವಿಲ್ಲದ್ದು ಅಂತ ಅದನ್ನು ಆರಿಸಬೇಡಿ. ಅದು ಟೈಟಾನಿಯಂ ಡೈಆಕ್ಸೈಡ್ ಮೇಲ್ಮೈಗೆ ಕಟ್ಟಿಕೊಂಡು ತಾನೇ ಕಾಣುವ ಬೆಳಕು ಹೀರಬಲ್ಲದು. ಬಿಳಿ ಎಲ್‌ಇಡಿ ಬದಲು 365, 405, 450 ಮತ್ತು 525 ನ್ಯಾನೋಮೀಟರ್‌ನ ನಾಲ್ಕು ಎಲ್‌ಇಡಿ ಬಳಸಿ. ಪ್ರತಿಯೊಂದರಲ್ಲೂ ಫಿಲ್ಮಿಗೆ ಬೀಳುವ ಫೋಟಾನ್ ಸಂಖ್ಯೆ ಒಂದೇ ಇರುವ ಹಾಗೆ ದೂರ ಹೊಂದಿಸಿಕೊಳ್ಳಿ. ಆಮೇಲೆ ವೇಗವನ್ನು ಹೀರಿಕೆಯ ಗ್ರಾಫಿನ ಮೇಲೆ ಗುರುತಿಸಿ. 405 ಮತ್ತು 450ರಲ್ಲಿ ಹೀರಿಕೆ ಇದ್ದು ಕೆಲಸವೂ ಇದ್ದರೆ ನಿಮ್ಮ ಕಬ್ಬಿಣ ನಿಜವಾಗಿ ದುಡಿಯುತ್ತಿದೆ. ಹೀರಿಕೆ ಇದ್ದು ಕೆಲಸ ಸೊನ್ನೆಯಾದರೆ ಅದು ಬರೀ ಬಣ್ಣ. ಫಿಲ್ಮ್ ಇಲ್ಲದ ಕ್ವಾರ್ಟ್ಜ್ ಒಂದು, ಕತ್ತಲಲ್ಲಿಟ್ಟ ಫಿಲ್ಮ್ ಒಂದು, ಇವೆರಡೂ ಪ್ರತಿ ಸಲ ಜೊತೆಗಿರಲಿ.

ಗೆದ್ದ ಫಿಲ್ಮನ್ನು ಐದು ಸಲ ಮತ್ತೆ ಮತ್ತೆ ಬಳಸಿ. ಆಮೇಲೆ ಅದನ್ನು ನೀರಿನಲ್ಲಿ ಇಟ್ಟು, ಆ ನೀರಿನಲ್ಲಿ ಕಬ್ಬಿಣ ಬಿಟ್ಟಿದೆಯೇ ಅಂತ ಪರೀಕ್ಷೆ ಮಾಡಿಸಿ. ಒಳಗಿನ ಕಬ್ಬಿಣಕ್ಕಿಂತ ಮೇಲಿನ ಕಬ್ಬಿಣ ಮುಂದೆ ಬಂದರೆ, ಮುಂದಿನ ಫಿಲ್ಮ್‌ಗಳಲ್ಲಿ ನೈಟ್ರೋಜನ್ ಒಳಗೆ, ಕಬ್ಬಿಣ ಮೇಲೆ ಅಂತ ಎರಡನ್ನೂ ಸೇರಿಸಿ ನೋಡಬಹುದು. ಆ ಗ್ರಾಫ್‌ಗಳು ಕೈಗೆ ಬಂದಾಗ ಮತ್ತೆ ಬರೆಯಿರಿ, ದಪ್ಪದ ಅಳತೆಯನ್ನೂ ಜೊತೆಗೆ ಕಳಿಸಿ.